ಮೂಗಿಲ್ಲದ ದೀಪ

ಅಥಣಿ ರಸ್ತೆಯ ಹೊಸ ಬಡಾವಣೆಯಲ್ಲಿ ಗೆಳೆಯ ಸಿದ್ರಾಮನ ತಮ್ಮನ ಮಗ ಮನೆ ಕಟ್ಟಿಸಿದ. ವಾಸ್ತುಶಾಂತಿಗೆ ನಾವಿಬ್ಬರು ಮುದುಕರೂ ಹೋಗಿದ್ದೆವು. ಊಟಕ್ಕೆ ಕೂತಾಗ ಕರೆಂಟು ಹೋಗಿ ನಡುಮನೆ ಕತ್ತಲಾಯಿತು. ಅಂದಕ್ಕೆಂದು ಪಡಸಾಲೆಯಲ್ಲಿ ತೂಗುಹಾಕಿದ್ದ ಹಳೆಯ ಕಂದೀಲನ್ನು ಆ ಹುಡುಗ ಹೆಮ್ಮೆಯಿಂದ ಇಳಿಸಿ, ಹಚ್ಚಿಕೊಂಡು ಬಂದ. ಐದು ನಿಮಿಷಕ್ಕೆ ಕರೆಂಟು ಬಂತು. ಅವನು ಗಾಜು ಎತ್ತಿ ದೀಪ ಊದಿದ. ಆರಿದ ಬತ್ತಿಯ ಹೊಗೆ, ಸೀಮೆಎಣ್ಣೆಯ ವಾಸನೆ ಎಲೆಯ ಮೇಲೆ ಬಂದು ನಿಂತಿತು.

ನನ್ನ ಕೈಯಲ್ಲಿದ್ದ ಹೋಳಿಗೆಯ ತುಂಡು ಕೈಯಲ್ಲೇ ಉಳಿಯಿತು. ಎದುರು ಸಾಲಿನಲ್ಲಿ ಕೂತಿದ್ದ ಸಿದ್ರಾಮನನ್ನು ನೋಡಿದೆ. ಅವನೂ ನನ್ನನ್ನೇ ನೋಡುತ್ತಿದ್ದ.

“ಹೋಗೂಣೇನು?” ಅಂದ.

ಕೈ ತೊಳೆದು ಆಟೋ ಹತ್ತಿದೆವು. ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಬಂದವರೆಲ್ಲ ಗೋಲಗುಮ್ಮಟದ ಕಡೆಗೆ ಹೋಗುತ್ತಾರೆ. ನಾವು ಹೊರಟದ್ದು ಕೋಟೆಯೊಳಗಿನ ಒಂದು ಓಣಿಗೆ. ಅಲ್ಲಿ ಒಂದು ಬಾವಿ ಇದೆ. ಅದರ ತಳದಲ್ಲಿ ಉರಿಯುತ್ತಿದ್ದ ಒಂದು ದೀಪ ಅರವತ್ತು ವರ್ಷವಾದರೂ ನನ್ನ ಕಣ್ಣಿನಿಂದ ಆರಿಲ್ಲ.

ಅದು ಚೀನಾ ಯುದ್ಧ ಮುಗಿದ ಮರುವರ್ಷದ ಬೇಸಿಗೆ, ಅರವತ್ತಮೂರನೆಯ ಇಸವಿ. ನಾನು, ಈರಪ್ಪ, ಬಬಲೇಶ್ವರದಿಂದ ಬಂದು ಬಿ.ಎಸ್ಸಿ. ಓದುತ್ತಿದ್ದೆ. ಸಿದ್ರಾಮ ಬಿಜ್ಜರಗಿಯವನು, ಬಿ.ಎ. ಓದುತ್ತಿದ್ದ. ಇಬ್ಬರೂ ಅಮೀನಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆವು. ಅಮೀನಮ್ಮ ಅರವತ್ತು ದಾಟಿದ ವಿಧವೆ. ಹಗಲೆಲ್ಲ ಹೊಲಿಗೆ ಹಾಕುತ್ತಿದ್ದಳು, ಐದು ಹೊತ್ತು ನಮಾಜು ಮಾಡುತ್ತಿದ್ದಳು, ಉಳಿದ ಹೊತ್ತಿನಲ್ಲಿ ನಮ್ಮನ್ನು ಬೈಯುತ್ತಿದ್ದಳು. ಹಾಸಿಗೆ ಸುತ್ತಿಡದಿದ್ದರೆ ಬೈಗುಳ, ಪುಸ್ತಕ ಬಿಟ್ಟು ಹರಟಿದರೆ ಬೈಗುಳ. “ಅಪ್ಪ ಹೊಲದಾಗ ಬಿಸಿಲು ತಿನ್ನಾಕತ್ತಾನ, ಮಗ ಇಲ್ಲಿ ನೆಳ್ಳಾಗ ಕುಂತು ಗಾಳಿ ತಿನ್ನಾಕತ್ತಾನ” ಎಂದು ಗೋಡೆಗೆ ಹೇಳಿದಂತೆ ಹೇಳುತ್ತಿದ್ದಳು. ಆ ಗೋಡೆಯೆಂದರೆ ಕೋಟೆಯ ಗೋಡೆಯೇ. ಅವಳ ಅಂಗಳ ಮುಗಿಯುವುದೇ ಅಲ್ಲಿ.

ನಮ್ಮ ರೊಟ್ಟಿ ಊರಿನಿಂದ ಬಸ್ಸಿನಲ್ಲಿ ಬರುತ್ತಿತ್ತು. ಬಬಲೇಶ್ವರದ ಬಸ್ಸಿನ ಮೇಲೆ ನನ್ನ ಗಂಟು. ಸಿದ್ರಾಮನ ಗಂಟು ಬಿಜ್ಜರಗಿಯಿಂದ ಟಿಕೋಟಾದವರೆಗೆ ಯಾರದೋ ಚಕ್ಕಡಿಯಲ್ಲಿ ಬಂದು, ಅಲ್ಲಿಂದ ಬಸ್ಸು ಹತ್ತುತ್ತಿತ್ತು. ಆ ಬೇಸಿಗೆಯಲ್ಲಿ ಅದನ್ನು ತರುತ್ತಿದ್ದವನು ಟಿಕೋಟಾದ ಲಾಲಸಾಬ ಕಾಕಾ.

ಕಾಕಾನ ಕಸುಬು ಬಾವಿಯ ಹೂಳು ತೆಗೆಯುವುದು. ಆ ವರ್ಷ ಬಿಸಿಲು ಕೆಟ್ಟದಾಗಿತ್ತು. ಬೆಳಿಗ್ಗೆ ಎಂಟಕ್ಕೇ ಕೋಟೆಯ ಕಲ್ಲು ಕಾದ ಹಂಚಿನಂತಾಗುತ್ತಿತ್ತು, ಮಧ್ಯಾಹ್ನದ ಬಿಸಿಗಾಳಿ ಕಂದಕದ ಒಣ ಮಣ್ಣನ್ನು ಎತ್ತಿ ತಂದು ನಮ್ಮ ಪುಸ್ತಕದೊಳಗೆ ತುಂಬುತ್ತಿತ್ತು. ನಳಕ್ಕೆ ದಿನ ಬಿಟ್ಟು ದಿನ ನೀರು, ಅದೂ ಸ್ವಲ್ಪ ಹೊತ್ತು. ಓಣಿಯ ಮಧ್ಯದಲ್ಲಿ ಕಲ್ಲುಚಪ್ಪಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದ ಹಳೆಯ ಬಾವಿಯನ್ನು ತೆಗೆಸಬೇಕೆಂದು ಹಿರಿಯರು ನಿಶ್ಚಯ ಮಾಡಿ ಕಾಕಾನನ್ನು ಕರೆಸಿದರು.

ಒಂದು ರವಿವಾರ ಮುಂಜಾನೆ ಕಾಕಾ ನಮ್ಮಿಬ್ಬರನ್ನೂ ಊರು ತೋರಿಸಲು ಕರೆದುಕೊಂಡು ಹೋದ. ಎರಡು ವರ್ಷದಿಂದ ಇದೇ ಊರಿನಲ್ಲಿದ್ದೇವೆ, ಹೊಸದಾಗಿ ಏನು ತೋರಿಸುತ್ತಾನೆ ಎಂದು ನಾವು ನಕ್ಕಿದ್ದೆವು.

“ಮಂದಿ ಈ ಊರಿಗೆ ಬಂದು ತಲಿ ಎತ್ತಿ ನೋಡಿ ಹೋಗ್ತಾರ. ನೀವು ತಲಿ ಬಗ್ಗಿಸಿ ನೋಡ್ರಿ” ಎಂದ.

ಹಾಗೆಯೇ ನೋಡಿದೆವು. ಗುಮ್ಮಟ, ಫಿರಂಗಿಗಳನ್ನು ದಾಟಿ ಹೋಗಿ ಅವನು ನಮಗೆ ತೋರಿಸಿದ್ದು ಒಣಗಿದ ಕಂದಕ, ನೆಲದಡಿ ಓಡುವ ಹಳೆಯ ಮಣ್ಣಿನ ಕೊಳವೆ, ನೀರಿನ ಒತ್ತಡ ತಗ್ಗಿಸಲು ಕಟ್ಟಿದ ಗಂಜ್ ಎಂಬ ಗೋಪುರ. ಈ ಬೆಂಗಾಡಿನಲ್ಲಿ ಇಷ್ಟು ದೊಡ್ಡ ಕೋಟೆ ಕಟ್ಟಿದವರಿಗೆ ವೈರಿಗಿಂತ ಬಾಯಾರಿಕೆಯ ಭಯವೇ ಹೆಚ್ಚಿತ್ತು ಎಂದು ನನಗೆ ಅಂದು ತಿಳಿಯಿತು. “ತೋಫು ಬ್ಯಾರೆ ಊರಾಗೂ ಅದಾವ. ಕಲ್ಲಿನ ಹೊಟ್ಟಿಯೊಳಗ ನೀರು ನಡಿಸಿದವರು ಇವರು” ಎಂದು ಕಾಕಾ ನೆಲವನ್ನು ಕಾಲಿನಿಂದ ತಟ್ಟಿದ. ತನ್ನ ಮನೆಯ ಎತ್ತಿನ ಬೆನ್ನು ತಟ್ಟಿದ ಹಾಗೆ.

ಅವನ ಕೆಲಸಕ್ಕೊಂದು ಕ್ರಮವಿತ್ತು. ಬಾವಿಗೆ ಇಳಿಯುವ ಮುಂಚೆ ಹಚ್ಚಿದ ಕಂದೀಲನ್ನು ಹಗ್ಗಕ್ಕೆ ಕಟ್ಟಿ ತಳದವರೆಗೆ ಇಳಿಸುವುದು. ಕಟ್ಟೆಯ ಮೇಲೆ ಕೂತು ಒಂದು ಬೀಡಿ ಸೇದುವುದು. ಬೀಡಿ ಮುಗಿಯುವವರೆಗೂ ದೀಪ ಚೆನ್ನಾಗಿ ಉರಿದರೆ ಇಳಿಯುವುದು. ಸಣ್ಣಗಾದರೆ ಆ ದಿನ ಕೆಲಸವಿಲ್ಲ. ದಿನಾ ಇದು ಬೇಕೇ ಎಂದು ಸಿದ್ರಾಮ ಕೇಳಿದ್ದಕ್ಕೆ, “ನನಗಿಂತ ಮದಲ ಅದು ಉಸಿರಾಡಿ ನೋಡಬೇಕಪ್ಪಾ. ಅದರ ಜೀವ ಹೋದರ ಮತ್ತೊಂದು ಕಡ್ಡಿ ಕೊರದರಾತು. ನನಗ ಯಾರು ಕಡ್ಡಿ ಕೊರಿತಾರ?” ಎಂದಿದ್ದ.

ಐದಾರು ದಿನ ಕೆಲಸ ನಡೆಯಿತು. ಇಪ್ಪತ್ತೈದು ಮೊಳದ ಬಾವಿ, ಇಳಿಯಲು ಗೋಡೆಯಲ್ಲಿ ಕಾಲಿಡುವ ಕಲ್ಲುಗಳಿದ್ದವು. ಹೂಳು ಹೋದ ಮೇಲೆ ತಳದಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು ಜಿನುಗಿತು. ಒಂದು ಬದಿಗೆ ಮಣ್ಣು ಮುಚ್ಚಿದ್ದ ಸುರಂಗದ ಬಾಯಿ ಸಿಕ್ಕಿತು. ಕಾಕಾ ಅದನ್ನು ತೆರೆದು ಮೇಲೆ ಬಂದವನೇ ಕೈ ಝಾಡಿಸಿಬಿಟ್ಟ.

“ಇನ್ನ ಮೂರು ದಿನ ಯಾರೂ ಇಳೀಬ್ಯಾಡ್ರಿ. ಎಷ್ಟೋ ವರ್ಷದ ಉಸಿರು ಒಳಗ ಕುಂತೈತಿ, ಹೊರಗ ಬರ್ಲಿ. ನಾ ಊರಿಗೆ ಹೋಗಿ ಬರ್ತೇನಿ.” ಕಂದೀಲನ್ನು ಬಾವಿಯ ಪಕ್ಕದ ಬೇವಿನ ಮರಕ್ಕೆ ತೂಗುಹಾಕಿ ಟಿಕೋಟಾದ ಬಸ್ಸು ಹತ್ತಿದ.

ಎರಡನೆಯ ದಿನ ಮುಂಜಾನೆ ಪಕ್ಕದ ಮನೆಯ ನೀಲವ್ವನ ತಾಮ್ರದ ಕೊಡ ಬಾವಿಗೆ ಬಿತ್ತು. ಜಿನುಗಿದ ನೀರು ಕಂಡು ಅವಳಿಗೆ ತಡೆಯಲಾಗಿರಲಿಲ್ಲ. ಹಗ್ಗಕ್ಕೆ ಕೊಡ ಕಟ್ಟಿ ಇಳಿಸಿದಳು, ಗಂಟು ಬಿಚ್ಚಿತು. ಕೊಡ ಉರುಳಿ ಸುರಂಗದ ಬಾಯಿಯೊಳಗೆ ಹೋಗಿ ಕೂತದ್ದರಿಂದ ಪಾತಾಳಗರಡಿಯ ಕೊಕ್ಕೆಗೂ ಸಿಗಲಿಲ್ಲ. ನಾವಿಬ್ಬರೂ ಬೇವಿನ ನೆರಳಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆವು. ನೀಲವ್ವ ಸೊಂಟದ ಮೇಲೆ ಕೈಯಿಟ್ಟು ನಮ್ಮ ಮುಂದೆ ನಿಂತಳು.

“ತವರುಮನಿ ಕೊಡ ಅದು. ಇಷ್ಟುದ್ದ ಕಾಲೇಜು ಕಲ್ತೀರಿ, ಒಂದು ಕೊಡ ಎತ್ತೂ ವಿದ್ಯಾ ಹೇಳಿಕೊಟ್ಟಿಲ್ಲೇನು ನಿಮಗ?”

ಉಳಿದ ಹೆಂಗಸರು ನಕ್ಕರು. ಸಿದ್ರಾಮ ಪುಸ್ತಕ ಮುಚ್ಚಿದ. “ಕಾಕಾ ಬ್ಯಾಡ ಅಂದಾನಲ್ಲೋ” ಎಂದೆ ನಾನು.

“ದೀಪ ಬಿಟ್ಟು ನೋಡೂಣು. ಉರಿದರ ಇಳಿಯೂದು. ಕಾಕಾನೂ ಹಂಗ ಮಾಡತಾನಲ್ಲ?”

ಇಲ್ಲಿಂದ ಮುಂದಿನದು ನನ್ನ ತಪ್ಪು. ಕಂದೀಲು ತಲೆಯ ಮೇಲೆಯೇ ತೂಗುತ್ತಿತ್ತು. ಆದರೆ ನನ್ನ ಹತ್ತಿರ ಬ್ಯಾಟರಿ ಇತ್ತು. ಮೊದಲ ವರ್ಷ ಪಾಸಾದದ್ದಕ್ಕೆ ಅಪ್ಪ ಕೊಡಿಸಿದ್ದ ಮೂರು ಸೆಲ್ಲಿನ ಬ್ಯಾಟರಿ. ಬಟನ್ ಒತ್ತಿದರೆ ಕೋಟೆಯ ತೆನೆಯವರೆಗೂ ಬೆಳಕು ಹೋಗುತ್ತಿತ್ತು. ಅದನ್ನು ತೋರಿಸಲು ನನಗೊಂದು ಸಂದರ್ಭ ಬೇಕಿತ್ತು. “ಆ ಮಿಣುಕು ದೀಪ ಯಾಕಲೇ, ಇದು ತಳಾ ತನಕಾ ಕಾಣಸ್ತೈತಿ” ಎಂದೆ. ಸಣ್ಣ ಹಗ್ಗಕ್ಕೆ ಕಟ್ಟಿ ಇಳಿಸಿದೆ. ಬಾವಿಯ ತಳವೆಲ್ಲ ಬೆಳಗಿತು. ಕೊಡದ ಅಂಚು ಮಿಂಚಿತು. ನಾನು ಒಂದು ಬೀಡಿ ಸೇದುವಷ್ಟು ಹೊತ್ತು ಎಣಿಸಿದೆ ಕೂಡ! ಬೆಳಕು ಒಂದಿಷ್ಟೂ ಅಲುಗಲಿಲ್ಲ.

“ನೋಡು, ಹೆಂಗ ಉರೀತೈತಿ. ಇಳಿ” ಎಂದೆ.

ಆಗ ನನ್ನ ತೊಡೆಯ ಮೇಲೆ ತೆರೆದಿದ್ದದ್ದು ರಸಾಯನಶಾಸ್ತ್ರದ ನೋಟುಬುಕ್ಕು. ಇಂಗಾಲದ ಡೈಆಕ್ಸೈಡು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ, ಉರಿಯುವ ದೀಪವನ್ನು ಆರಿಸುತ್ತದೆ ಎಂಬ ಮೂರು ಮಾತುಗಳಿಗೆ ನಾನೇ ಕೆಂಪು ಮಸಿಯಲ್ಲಿ ಅಡಿಗೆರೆ ಎಳೆದಿದ್ದೆ. ಅವು ಪರೀಕ್ಷೆಗೆ ಬರುವ ಮಾತುಗಳೆಂದು ಗೊತ್ತಿತ್ತು. ಬಾವಿಗೂ ಬರುತ್ತವೆಂದು ಹೊಳೆಯಲಿಲ್ಲ.

ಸಿದ್ರಾಮ ದೊಡ್ಡ ಹಗ್ಗದ ತುದಿ ಹಿಡಿದು ಸರಸರ ಇಳಿದ. ಹಗ್ಗವನ್ನು ನಡುವಿಗೆ ಕಟ್ಟಿಕೋ ಎಂದರೆ, “ನಾ ಏನ್ ಕೊಡ ಏನಲೇ?” ಎಂದು ನಗಿಸಿದ. ತಳ ಮುಟ್ಟಿ, ಬಗ್ಗಿ, ಸುರಂಗದ ಬಾಯಿಯಿಂದ ಕೊಡ ಎಳೆದು ಹಗ್ಗಕ್ಕೆ ಕಟ್ಟಿದ. ನಾನು ಎಳೆದೆ. ಕೊಡ ಮೇಲೆ ಬಂತು. ಹೆಂಗಸರು ಹೋ ಎಂದರು. ನೀಲವ್ವ ಸೆರಗಿನಿಂದ ಕೊಡ ಒರೆಸುತ್ತ, “ಬಿ.ಎ. ಪಾಸಾದಿ ಬಿಡಪ್ಪಾ!” ಎಂದು ಬಾವಿಯೊಳಗೆ ಬಗ್ಗಿ ಕೂಗಿದಳು.

ಉತ್ತರ ಬರಲಿಲ್ಲ.

ನಾನು ಬಗ್ಗಿ ನೋಡಿದೆ. ಸಿದ್ರಾಮ ನಾಲ್ಕು ಕಲ್ಲು ಮೇಲೆ ಹತ್ತಿ, ಗೋಡೆಯಿಂದ ಚಾಚಿದ ಒಂದು ಹಾಸುಗಲ್ಲಿನ ಮೇಲೆ ಕೂತಿದ್ದ. “ಸಿದ್ಯಾ, ಬಾರಲೇ” ಎಂದೆ. ಅವನು ಮುಖ ಮೇಲೆತ್ತಿ, ನಿದ್ದೆಗಣ್ಣಿನ ಕೂಸಿನಂತೆ, “ಬಂದೆ, ಜರಾ ಕುಂದರತೇನಿ” ಎಂದ. ತಲೆ ಗೋಡೆಗೆ ಒರಗಿತು. ಆಮೇಲೆ ಎಷ್ಟು ಕೂಗಿದರೂ ಅಲುಗಲಿಲ್ಲ.

ಕೆಳಗೆ ಬ್ಯಾಟರಿ ಹಾಗೆಯೇ ಬೆಳಗುತ್ತಿತ್ತು. ಸಿದ್ರಾಮನ ತೆರೆದ ಬಾಯಿ, ಜೋತುಬಿದ್ದ ಕೈ, ಎಲ್ಲವನ್ನೂ ಸ್ಪಷ್ಟವಾಗಿ ತೋರಿಸುತ್ತಿತ್ತು. ಆ ಬೆಳಕಿನ ಸ್ಥಿರತೆ ಈಗಲೂ ನನ್ನನ್ನು ಹೆದರಿಸುತ್ತದೆ. ಅವನ ಪಕ್ಕದಲ್ಲೇ ಇದ್ದು, ಏನೂ ಆಗದವರ ಹಾಗೆ ಬೆಳಗುತ್ತಿತ್ತು.

ನಾನು ಒಂದು ಕಾಲನ್ನು ಕಲ್ಲಿನ ಮೇಲಿಟ್ಟು ಇಳಿಯತೊಡಗಿದೆ. ಹಿಂದಿನಿಂದ ಯಾರೋ ಕೊರಳಪಟ್ಟಿ ಹಿಡಿದು ಎಳೆದು ನೆಲಕ್ಕೆ ಒಗೆದರು. ಕಣ್ಣು ಬಿಟ್ಟರೆ ಲಾಲಸಾಬ ಕಾಕಾ. ಹೆಗಲ ಮೇಲೆ ಸಿದ್ರಾಮನ ಬುತ್ತಿಯ ಗಂಟು.

ಕಾಕಾ ಬರಬೇಕಾದದ್ದು ಮರುದಿನ. ಆದರೆ ಹಿಂದಿನ ಸಂಜೆ ಸಿದ್ರಾಮನ ಅವ್ವ ರೊಟ್ಟಿಯ ಜೊತೆ ಮೊಸರುಬುತ್ತಿ ಕಟ್ಟಿ ಟಿಕೋಟಾಕ್ಕೆ ಕಳಿಸಿದ್ದಳು. ಮಗನ ಪರೀಕ್ಷೆ ಹತ್ತಿರ ಬಂತು, ಹೊಟ್ಟೆ ತಂಪಿರಲಿ ಎಂದು. ಈ ಬಿಸಿಲಿಗೆ ನಾಳೆಯವರೆಗೆ ಹಳಸುತ್ತದೆಂದು ಕಾಕಾ ಬೆಳಗಿನ ಬಸ್ಸನ್ನೇ ಹತ್ತಿದ್ದ. ಬರಿಯ ರೊಟ್ಟಿಯಾಗಿದ್ದರೆ ಅವನು ಬರುತ್ತಿರಲಿಲ್ಲ. ಆ ತಾಯಿಗೆ ಅಂದು ಮೊಸರು ಕಲಸುವ ಮನಸ್ಸಾಯಿತಲ್ಲ, ಅದನ್ನು ನೆನೆದಾಗಲೆಲ್ಲ ನನ್ನ ಕೈ ತಾನಾಗಿ ಮುಗಿಯುತ್ತದೆ.

ಕಾಕಾ ಬಗ್ಗಿ ನೋಡಿದ. ಬೆಳಗುತ್ತಿದ್ದ ಬ್ಯಾಟರಿ ನೋಡಿದ. ಮರದ ಮೇಲಿನ ಕಂದೀಲು ನೋಡಿದ. ನನ್ನ ಕೆನ್ನೆಗೆ ಒಂದು ಬಾರಿಸಿದ. ಆಮೇಲೆ ಓಣಿಯ ಕಡೆ ತಿರುಗಿ ಕೂಗಿದ:

“ನೀರು ತರ್ರಿ! ಇದ್ದಷ್ಟು ನೀರು ತಂದು ಬಾವ್ಯಾಗ ಸುರೀರಿ! ಮ್ಯಾಲಿಂದ ಜೋರಾಗಿ ಬೀಳಬೇಕು, ಅಂದರ ಒಳಗಿನ ಗಾಳಿ ಕದಡತೈತಿ. ಈರಪ್ಪಾ, ಅಳಬ್ಯಾಡ, ಬೇವಿನ ಟೊಂಗಿ ಮುರಿ!”

ನಳ ಬರುವುದು ಮರುದಿನ ಸಂಜೆ. ಮನೆಮನೆಯಲ್ಲಿದ್ದದ್ದು ಎರಡು ದಿನ ಕುಡಿಯಲು, ಬೇಯಿಸಲು ಬಟ್ಟೆ ಮುಚ್ಚಿಟ್ಟ ನೀರು. ಆ ಬೇಸಿಗೆಯಲ್ಲಿ ಒಂದು ತಂಬಿಗೆ ನೀರಿಗೆ ಅಕ್ಕಪಕ್ಕದವರು ಮಾತು ಬಿಟ್ಟದ್ದನ್ನು ನಾನು ಕಂಡಿದ್ದೆ. ನೀಲವ್ವ ತನ್ನ ತವರುಮನೆಯ ಕೊಡವನ್ನು ಅಲ್ಲೇ ಬಿಟ್ಟು ಒಳಗೋಡಿ, ತುಂಬಿದ ಹಂಡೆಯನ್ನೇ ಅಪ್ಪಿಕೊಂಡು ಬಂದಳು. ಸುರಿದಳು. “ಬರ್ರಿ ಬೇ, ಏನ್ ನೋಡಕೋತ ನಿಂತೀರಿ!” ಎಂದು ಕಿರುಚಿದಳು. ಆಮೇಲೆ ಸಾಲು ಹಿಡಿಯಿತು. ಕೊಡ, ಗಡಿಗೆ, ಬಕೀಟು, ಹಿಟ್ಟು ನಾದಲು ಇಟ್ಟಿದ್ದ ಬೋಗುಣಿ. ಬಾಣಂತಿಯ ಮನೆಯಿಂದ ಕಾಸಿ ಆರಿಸಿದ ನೀರು ಬಂತು. ಅಮೀನಮ್ಮ ತನ್ನ ಎರಡು ಮಡಕೆಗಳನ್ನೂ ಒಂದರ ಹಿಂದೊಂದು ತಂದು ಬೋರಲು ಹಾಕಿದಳು. ಯಾರೂ ಯಾರನ್ನೂ ಕೇಳಲಿಲ್ಲ. ನಾನು ಬೇವಿನ ಟೊಂಗೆಯ ಕಟ್ಟನ್ನು ಹಗ್ಗಕ್ಕೆ ಬಿಗಿದು, ಬಾವಿಯೊಳಗೆ ಎತ್ತಿ ಇಳಿಸಿ, ಎತ್ತಿ ಇಳಿಸಿ ಬೀಸುತ್ತಿದ್ದೆ. ಅಂಗೈಯ ಚರ್ಮ ಸುಲಿದದ್ದು ಗೊತ್ತಾಗಲಿಲ್ಲ.

ಕಾಕಾ ಕಂದೀಲು ಹಚ್ಚಿ ಇಳಿಸಿದ. ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿತು. ಮೇಲಕ್ಕೆ ಎಳೆದ. ಆರಿದ ಬತ್ತಿಯ ಆ ವಾಸನೆ. ಮತ್ತೆ ನೀರು, ಮತ್ತೆ ಟೊಂಗೆ. ಎರಡನೆಯ ಸಲ ಸಿದ್ರಾಮನ ಹತ್ತಿರದವರೆಗೆ ಹೋಗಿ ಆರಿತು. ಕಾಕಾ ನಡುವಿಗೆ ಹಗ್ಗ ಕಟ್ಟಿಕೊಂಡು, ಬೀಡಿ ಹಚ್ಚದೆ, ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದ. ತುಟಿಗಳು ಏನೋ ಹೇಳುತ್ತಿದ್ದವು. ಮೂರನೆಯ ಸಲ ಜ್ವಾಲೆ ಸಣ್ಣಗಾಗಿ, ಬಾಗಿ, ಇನ್ನೇನು ಹೋಯಿತು ಎನ್ನುವಾಗ ನೆಟ್ಟಗೆ ನಿಂತಿತು. ಅದು ಸಿದ್ರಾಮನ ಮುಖದ ಪಕ್ಕ ನಿಂತು ಉರಿಯುವುದನ್ನು ನೋಡಿ ಕಾಕಾ ಇಳಿದ.

ಸಿದ್ರಾಮನನ್ನು ಹಗ್ಗಕ್ಕೆ ಕಟ್ಟಿ ಮೇಲೆಳೆದು ಅಮೀನಮ್ಮನ ಅಂಗಳದ ಹೊರಸಿನ ಮೇಲೆ ಮಲಗಿಸಿದೆವು. ತುಟಿ ನೀಲಿಯಾಗಿತ್ತು. ಕಾಕಾ ಎದೆ ತಿಕ್ಕಿದ, ಅಂಗಾಲು ತಿಕ್ಕಿದ, ಹೆಸರು ಹಿಡಿದು ಬೈದ. ಯಾರೋ ದವಾಖಾನೆಗೆ ಒಯ್ಯಲು ಟಾಂಗಾ ತರಲು ಓಡಿದ್ದರು. ಅದು ಬರುವ ಮೊದಲೇ ಸಿದ್ರಾಮ ದೊಡ್ಡದಾಗಿ ಒಮ್ಮೆ ಕೆಮ್ಮಿದ. ಕಣ್ಣು ತೆರೆಯದೆ ಒಂದೇ ಮಾತು ಹೇಳಿದ.

“ನೀರು.”

ಇಡೀ ಓಣಿಯಲ್ಲಿ ಒಂದು ಗುಟುಕು ನೀರಿರಲಿಲ್ಲ. ಅಂಗಳದ ತುಂಬ ಬೋರಲಾದ ಪಾತ್ರೆಗಳು. ನೀಲವ್ವ ಅಳುತ್ತ ನಗುತ್ತ, “ಎದ್ದ ಕೂಡಲೆ ಇಲ್ಲದ್ದನ್ನ ಕೇಳತೈತಿ ನೋಡ್ರಿ ಖೋಡಿ” ಎಂದಳು.

ಅಮೀನಮ್ಮ ಒಳಗೆ ಹೋಗಿ ಒಂದು ಚೊಂಬು ತಂದಳು. ಅದು ನನಗೆ ಗೊತ್ತಿತ್ತು. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯಲು ಬೇರೆಯೇ ತೆಗೆದಿಟ್ಟ ವುಜೂ ನೀರು. ನಾವು ಮುಟ್ಟಬಾರದೆಂದು ಕಟ್ಟಪ್ಪಣೆಯಿತ್ತು. ಸಿದ್ರಾಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಕೊನೆಯ ಹನಿಯನ್ನು ಬೆರಳಿಗೆ ಬಳಿದುಕೊಂಡು ಅವನ ರೆಪ್ಪೆಗೆ ಹಚ್ಚಿದಳು.

“ಅಮ್ಮಾ, ನಿಮ್ಮ ನಮಾಜಿಗೆ?” ಎಂದು ಕೇಳಿದೆ. ಬೇರೇನು ಕೇಳಲೂ ನನಗೆ ಮುಖವಿರಲಿಲ್ಲ.

“ನೀರಿಲ್ಲದ ಊರಿಗೆ ದೇವರು ಮಣ್ಣಿನಾಗೂ ದಾರಿ ಇಟ್ಟಾನೋ, ಹುಚ್ಚಪ್ಪಾ” ಎಂದಳು.

ಎದ್ದು ಅಂಗಳದ ಕೊನೆಗೆ ಹೋದಳು. ಧೂಳು ಕೂತ ಕೋಟೆಯ ಗೋಡೆಗೆ ಎರಡೂ ಅಂಗೈ ಒತ್ತಿದಳು. ಆ ಧೂಳಿನ ಕೈಯಿಂದ ಮೆಲ್ಲಗೆ ಮುಖ ಸವರಿಕೊಂಡಳು. ಮತ್ತೆ ಒತ್ತಿ, ಮೊಣಕೈವರೆಗೆ ಕೈ ಸವರಿಕೊಂಡಳು. ನೀರಿನಿಂದ ತೊಳೆದಷ್ಟೇ ನಿಧಾನ, ಅಷ್ಟೇ ಗಮನ. ನೀರು ಸಿಗದಾಗ ಹೀಗೆ ಮಾಡಬಹುದೆಂದು ಅವರಲ್ಲಿ ವಿಧಿಯಿದೆ ಎಂದು ಕಾಕಾ ಆಮೇಲೆ ಹೇಳಿದ. ನಾನು ಅಂದು ಕಂಡದ್ದು ವಿಧಿಯನ್ನಲ್ಲ. ನನ್ನ ತಪ್ಪಿನಿಂದ ಬಾಯಾರಿದ ಒಂದು ಓಣಿ, ಆ ಓಣಿಯಲ್ಲಿ ಒಣಮಣ್ಣಿನಿಂದ ಮುಖ ತೊಳೆದು ನಿಂತ ಒಬ್ಬ ತಾಯಿ.

ಸಂಜೆ ಸುದ್ದಿ ತಿಳಿದು ಪಕ್ಕದ ಓಣಿಯವರು ಮನೆಗೊಂದು ಕೊಡ ತಂದಿಟ್ಟು ಹೋದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತೇನೋ. ಎರಡು ದಿನದ ಮೇಲೆ ಕಾಕಾ ಬೀಡಿ ಸೇದಿ, ಬಾವಿಗಿಳಿದು, ಆ ಗದ್ದಲದಲ್ಲಿ ಹಗ್ಗ ಸಮೇತ ಒಳಗೆ ಬಿದ್ದಿದ್ದ, ಸೆಲ್ಲು ಸತ್ತ ಬ್ಯಾಟರಿಯನ್ನು ತಂದು ನನ್ನ ಕೈಗಿಟ್ಟ. “ತಗೋ. ಇದಕ್ಕ ಕಣ್ಣೈತಿ, ಮೂಗಿಲ್ಲ” ಎಂದ. ಅಷ್ಟೇ. ಆಮೇಲೆ ಕೆನ್ನೆ ಸವರಿ, “ಭಾಳ ಜೋರ ಬಿತ್ತೇನೋ?” ಎಂದು ಕೇಳಿದ. ಆಗ ನಾನು ಅತ್ತೆ.

ಬಾವಿ ಮಳೆಗಾಲದ ಹೊತ್ತಿಗೆ ತುಂಬಿತು. ನಾನು ಪಾಸಾದೆ, ಮೇಷ್ಟ್ರಾದೆ. ಮೂವತ್ತು ವರ್ಷ ಮಕ್ಕಳಿಗೆ ಆ ಮೂರು ಮಾತನ್ನು ಕಲಿಸಿದೆ. ಪ್ರತಿ ಸಲವೂ ಗಾಜಿನ ಜಾಡಿಯಲ್ಲಿ ಮೇಣದಬತ್ತಿ ಇಳಿಸಿ ಆರುವುದನ್ನು ಮಕ್ಕಳು ಸಾಕೆನ್ನುವವರೆಗೂ ತೋರಿಸುತ್ತಿದ್ದೆ. ಸಿದ್ರಾಮ ಊರಿಗೆ ಮರಳಿದ, ಆಮೇಲಿನ ವರ್ಷಗಳಲ್ಲಿ ದ್ರಾಕ್ಷಿ ಹಚ್ಚಿದ. ಈಗಲೂ ಮೊದಲ ಗೊಂಚಲು ನನ್ನ ಮನೆಗೆ ಬರುತ್ತದೆ. ಆ ದಿನದ ಬಗ್ಗೆ ಅವನು ನನ್ನನ್ನು ಒಮ್ಮೆಯೂ ಕೇಳಿಲ್ಲ. ನನಗೆ ಮಾತ್ರ ಈಗಲೂ ಕೆಲವು ಸಲ ಊಟದ ನಡುವೆ, ಮಾತಿನ ನಡುವೆ, ‘ಇಳಿ’ ಎಂದ ನನ್ನದೇ ದನಿ ಕೇಳುತ್ತದೆ. ಆ ದನಿಯ ಹಿಂದೆಯೇ ನೀರು ಸುರಿಯುವ ಸದ್ದೂ ಕೇಳುತ್ತದೆ. ಅದರಿಂದ ಬದುಕಿದ್ದೇನೆ.

ಆಟೋ ಓಣಿಯ ಬಾಯಲ್ಲಿ ನಿಂತಿತು. ಬಾವಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಮೀನಮ್ಮನ ಮನೆಯಿದ್ದಲ್ಲಿ ಬೇರೆ ಮನೆ. ಕಾಕಾ, ಅಮೀನಮ್ಮ, ನೀಲವ್ವ ಯಾರೂ ಈಗಿಲ್ಲ. ಗೋಡೆ ಇತ್ತು, ಬಿಸಿಲಿಗೆ ಕಾದು, ಧೂಳು ಹೊತ್ತು.

ಸಿದ್ರಾಮ ಕೋಲನ್ನು ನನ್ನ ಕೈಗೆ ಕೊಟ್ಟು ಹತ್ತಿರ ಹೋದ. ಎರಡೂ ಅಂಗೈಯನ್ನು ಗೋಡೆಗೆ ಒತ್ತಿ ನಿಂತ. ನಾನೂ ಕೋಲು ಒರಗಿಸಿ ಅವನ ಪಕ್ಕ ನಿಂತೆ.

ಆಟೋದ ಹುಡುಗ ಕುತ್ತಿಗೆ ಚಾಚಿ ಕೇಳಿದ: “ಯಜ್ಜಾರ, ಆ ಗ್ವಾಡ್ಯಾಗ ಏನೈತ್ರಿ?”

ಸಿದ್ರಾಮ ತಿರುಗಲಿಲ್ಲ.

“ನಾ ಇಲ್ಲಿ ನೀರು ಕುಡದೇನಪ್ಪಾ” ಎಂದ.